ಡೀಸೆಲ್ ಟಾಕಿಯ ಕೀಲಿಕೈ

ಸಿದ್ದರಾಯನ ಗಾಡಿ ಬರುವುದು ಜನರಿಗೆ ಮೊದಲು ಹೊಗೆಯಿಂದ ಗೊತ್ತಾಗುತ್ತಿತ್ತು, ಆಮೇಲೆ ಸದ್ದಿನಿಂದ. ಗಾಡಿ ಮಾತ್ರ ಬಹಳ ಹೊತ್ತಿನ ಮೇಲೆ ಬರುತ್ತಿತ್ತು. ಹೊಗೆ ಕಂಡ ಕೂಡಲೇ ಅವನಿಗೆಂದು ಚಹಾ ಇಟ್ಟ ಹೆಂಗಸರು, ಅದು ಕುದಿದು, ಆರಿ, ಮತ್ತೊಮ್ಮೆ ಬಿಸಿಯಾದ ಮೇಲೆಯೇ ಅವನ ಮುಖ ನೋಡುತ್ತಿದ್ದರು. ನಡುವೆ ಯಾರೋ ಹೊಲದ ಬದುವಿನಿಂದ ಕೈ ಎತ್ತಿರುತ್ತಿದ್ದರು, ಇವನು ನಿಲ್ಲಿಸಿರುತ್ತಿದ್ದ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರಾದರೂ ಕೈ ಎತ್ತಿದ್ದನ್ನು ನೋಡಿಯೂ ನಿಲ್ಲಿಸದೆ ಹೋದದ್ದು ಅವನ ಹನ್ನೊಂದು ವರ್ಷದ ಚಾಕರಿಯಲ್ಲಿ ಒಮ್ಮೆಯೂ ಇರಲಿಲ್ಲ.

ಗಾಡಿ ಅವನದಲ್ಲ, ಇಂಡಿಯ ಗುರುಲಿಂಗಪ್ಪ ಸಾವ್ಕಾರರದು. ಅವರಿಗೆ ನಿಂಬೆಯ ತೋಟವಿತ್ತು, ನಿಂಬೆಯದೇ ವ್ಯಾಪಾರವಿತ್ತು. ಮಿಲಿಟರಿಯವರು ಸಾಕಾಗಿ ಹರಾಜಿಗೆ ಬಿಟ್ಟ ಪಿಕಪ್ ಗಾಡಿಯೊಂದನ್ನು ಅವರು ಹಿಡಿದಿದ್ದರು. ಅದರ ಪೆಟ್ರೋಲ್ ಇಂಜಿನ್ ಕಿತ್ತು ಸೊಲ್ಲಾಪುರದಲ್ಲಿ ಹಳೆಯದೊಂದು ಡೀಸೆಲ್ ಇಂಜಿನ್ ಕೂರಿಸಿದ್ದರು. ಒಂದು ಬಾಗಿಲು ಹಗ್ಗದ ಮೇಲೆ ನಿಂತಿತ್ತು. ಬ್ಯಾಟರಿ ಇದ್ದದ್ದು ಹೆಸರಿಗೆ. ಇಂಜಿನ್ ಒಮ್ಮೆ ಬಂದ್ ಆಯಿತೆಂದರೆ ನಾಲ್ಕು ಜನ ಹೆಗಲು ಕೊಟ್ಟು ದಬ್ಬಬೇಕು. ಸೋಮವಾರ ನಿಂಬೆಕಾಯಿಯ ಚೀಲ ಹೇರಿಕೊಂಡು ಸಿಂದಗಿ, ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ಮಾಡಿ ಮುದ್ದೇಬಿಹಾಳ ಮುಟ್ಟುವುದು, ಮಂಗಳವಾರ ಶೇಂಗಾ ಹೇರಿಕೊಂಡು ಅದೇ ದಾರಿಯಲ್ಲಿ ಮರಳುವುದು, ಇದು ಅದರ ವಾರದ ಪಾಡು. ಸಿದ್ದರಾಯನಿಗೆ ಆ ಗಾಡಿಯ ಮೇಲೆ ಎಂಥ ಜೀವವೆಂದರೆ, ಅದರ ಹೊಗೆಯನ್ನು ಯಾರಾದರೂ ಆಡಿಕೊಂಡರೆ ಎರಡು ದಿನ ಅವರೊಂದಿಗೆ ಮುಖ ಬಿಗಿದುಕೊಂಡು ಮಾತನಾಡುತ್ತಿದ್ದ. ಮಾತು ಬಿಡುತ್ತಿರಲಿಲ್ಲ. ಮಾತು ಬಿಡುವುದು ಅವನಿಂದ ಆಗುವ ಕೆಲಸವೇ ಅಲ್ಲ.

ಅವನು ಹುಟ್ಟಿದ್ದು ಝಳಕಿಯ ಹತ್ತಿರದ ಕುರಿಗಾರರ ಮನೆಯಲ್ಲಿ. ಮೀಸೆ ಬರುವತನಕ ಅಪ್ಪ ಮಾಳಿಂಗಪ್ಪನ ಜೊತೆ ಕುರಿಯ ಹಿಂದೆ ಈ ನಾಲ್ಕೂ ತಾಲೂಕು ಅಲೆದಿದ್ದ. ಕುರಿಗಾರರಿಗೆ ದಾರಿಯದೊಂದು ಕಟ್ಟಳೆ ಇದೆ. ಎದುರಿಗೆ ಮನುಷ್ಯ ಬಂದರೆ ನಿಲ್ಲಬೇಕು. ಎಲ್ಲಿ ಮಳೆಯಾಯಿತು, ಎಲ್ಲಿ ಹುಲ್ಲಿದೆ, ಯಾರ ಹಿಂಡಿಗೆ ಬೇನೆ ಬಂದಿದೆ, ಯಾರ ಮನೆಯಲ್ಲಿ ಮಗುವಾಯಿತು ಎಂದು ಕೇಳಬೇಕು, ಹೇಳಬೇಕು, ಆಮೇಲೆ ಮುಂದೆ ಹೋಗಬೇಕು. ಮುಖ ತಪ್ಪಿಸಿ ಸರಸರ ನಡೆದವನು ಯಾರದೋ ಕುರಿ ಕದ್ದು ಹೊರಟಿದ್ದಾನೆ ಎಂದೇ ಲೆಕ್ಕ. ಸಿದ್ದರಾಯ ಕೋಲು ಬಿಟ್ಟು ಸ್ಟೇರಿಂಗ್ ಹಿಡಿದ, ಆದರೆ ಆ ಕಟ್ಟಳೆ ಅವನನ್ನು ಬಿಡಲಿಲ್ಲ.

ಸ್ಟೇರಿಂಗ್ ಹಿಡಿಸಿದವರು ಝಳಕಿಯ ಲಾರಿ ಉಸ್ತಾದ ಮೋದಿನಸಾಬ. ಅವರ ಕಾಲದ ಲಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಅದು ಒಂದು ದಿನ ತಿರುಗಿ ಬಡಿದು ಅವರ ಬಲಗೈ ಮುರಿದಿತ್ತು. ಅಂದಿನಿಂದ ಅವರು ಶಿಷ್ಯರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದರು: “ಚಾಲೂ ಇದ್ದ ಡೀಸೆಲ್ ಇಂಜಿನ್ ಬಂದ್ ಮಾಡಬ್ಯಾಡ್ರಿ. ನಿಂತಾಗ ಅದೇನೂ ತಿನ್ನಂಗಿಲ್ಲ.” ಮುರಿದ ಕೈ ತೋರಿಸಿ ಹೇಳಿದ ಮಾತಿಗೆ ಎದುರು ಕೇಳುವವರು ಯಾರು? ಸಿದ್ದರಾಯ ಅದನ್ನು ಗಂಟು ಹಾಕಿಕೊಂಡ. ಬೆಳಿಗ್ಗೆ ಇಂಡಿಯಲ್ಲಿ ದಬ್ಬಿಸಿ ಶುರು ಮಾಡಿದ ಇಂಜಿನ್ ಸಂಜೆ ಮುದ್ದೇಬಿಹಾಳದಲ್ಲಿಯೇ ಬಂದ್ ಆಗುವುದು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಡೀಸೆಲ್ ಸಿಗುವುದು ಕಷ್ಟವಾಯಿತು. ಪಂಪಿನ ಮುಂದೆ ಡಬ್ಬಿಗಳ ಸಾಲು, ಪಂಪಿನವನ ಮುಖದಲ್ಲಿ ಮಾಮಲೇದಾರನ ಗತ್ತು. ಸಾವ್ಕಾರರ ಗಾಡಿಗೆ ವಾರಕ್ಕೆ ಮೂವತ್ತು ಲೀಟರಿನ ಚೀಟಿ ಸಿಕ್ಕಿತು. ಹೋಗಿ ಬರುವುದು ಇನ್ನೂರ ಅರವತ್ತು ಕಿಲೋಮೀಟರಿನ ದಾರಿ, ಗಾಡಿ ಕುಡಿಯುತ್ತಿದ್ದದ್ದು ನಲವತ್ತು ಲೀಟರ್. ಮೊದಲ ವಾರವೇ ಅದು ದೇವರ ಹಿಪ್ಪರಗಿಯ ಹೊರಗೆ ಒಣಗಿ ನಿಂತಿತು. ಬಾವಿಯ ಪಂಪಿಗೆಂದು ಇಟ್ಟುಕೊಂಡಿದ್ದ ಡೀಸೆಲ್ಲನ್ನು ರೈತನೊಬ್ಬ ಕೊಟ್ಟಿದ್ದರಿಂದ ಮನೆ ಮುಟ್ಟಿತು. ಗುರುಲಿಂಗಪ್ಪನವರಿಗೆ ಇದು ಸೇರಲಿಲ್ಲ.

“ಸಿದ್ದರಾಯ, ಇದು ಗಾಡಿನೋ ಏನ್ ಎಮ್ಮಿನೋ? ಎಷ್ಟ ಇಟ್ರೂ ಕುಡೀತೈತಲ್ಲೋ! ಮೂವತ್ತ ಲೀಟರಿನ್ಯಾಗ ಹೋಗಿ ಬರಬೇಕು. ಮಿರಗ ಕೂಡೂದ್ರಾಗ ಆಗಲಿಲ್ಲಂದ್ರ ಗುಜರಿಯವಗ ಕೊಟ್ಟಬಿಡ್ತೇನಿ.”

“ಹನ್ನೊಂದ ವರ್ಷ ದುಡದೈತ್ರಿ ಸಾವ್ಕಾರ್ರ. ಸ್ವಲ್ಪ ತಡೀರಿ, ಸಿಂದಗಿ ರಜಾಕಭಾಯಿಗೆ ತೋರಸ್ತೇನಿ” ಎಂದ ಸಿದ್ದರಾಯ. ಮಿರಗ, ಎಂದರೆ ಮೃಗಶಿರಾ ಮಳೆ, ಕೂಡಲು ಇನ್ನು ಮೂರೇ ವಾರ ಉಳಿದಿತ್ತು.

ಅಬ್ದುಲರಜಾಕ ಸಿಂದಗಿಯ ಮಿಸ್ತ್ರಿ. ಮಾತು ಕಡಿಮೆ, ಬೈಗುಳ ಅದಕ್ಕೂ ಕಡಿಮೆ. ಅವನು ಮೊದಲು ಇಂಜಿನ್ನಿಗೆ ಗಾಳಿ ಹೋಗುವ ಡಬ್ಬಿಯ ಮುಚ್ಚಳ ತೆಗೆದ. ತಳದಲ್ಲಿ ಎಣ್ಣೆ ಇರಬೇಕಾದಲ್ಲಿ ಎರೆಮಣ್ಣಿನ ರಾಡಿ, ಅದರ ಮೇಲೆ ಜೋಳದ ಹೊಟ್ಟು, ಒಂದು ಮೂಲೆಯಲ್ಲಿ ಕಣಜದ ಗೂಡು.

“ಸಿದ್ದಣ್ಣಾ, ನಿನ್ನ ಗಾಡಿ ಉಸರ ಬಿಟ್ಟ ಎಷ್ಟ ವರ್ಷ ಆತು?” ಎಂದು ಕೇಳಿದ.

ಹಿಂದಿನ ಎಡಗಾಲಿ ಮುಟ್ಟಿದರೆ ಸುಡುತ್ತಿತ್ತು, ಬ್ರೇಕು ಸದಾ ಹಿಡಿದುಕೊಂಡೇ ಇತ್ತು. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಲ್ಲಿ ಎರಡು, ತುಂತುರು ಬಿಡುವ ಬದಲು, ತೊಟ್ಟಿಕ್ಕುತ್ತಿದ್ದವು. ಟೈರುಗಳಲ್ಲಿ ಅರ್ಧ ಗಾಳಿ. ರಜಾಕ ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿ, ತೊಳೆದು, ಕೂರಿಸಿದ. ಸಿದ್ದರಾಯನ ಎಡಗಾಲು ಯಾವಾಗಲೂ ಕ್ಲಚ್ಚಿನ ಮೇಲೇ ಇರುತ್ತದೆಂದು ಅದಕ್ಕೂ ಒಂದು ಏಟು ಕೊಟ್ಟ. ಮೂರನೆಯ ದಿನ ಬೆಳಗಾಗುತ್ತಿದ್ದಂತೆ, ದಾರಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ, ಒಂದು ಲೀಟರಿನ ಬಾಟಲಿಯನ್ನು ಮುಂದಿನ ಗಾಜಿನ ಚೌಕಟ್ಟಿಗೆ ಕಟ್ಟಿ, ಅದರಿಂದ ಇಂಜಿನ್ನಿಗೆ ರಬ್ಬರ್ ನಳಿಗೆ ಜೋಡಿಸಿ, ಗಾಡಿ ಓಡಿಸಿ ನೋಡಿದರು. ಬಾಟಲಿ ಬರಿದಾಗುವಷ್ಟರಲ್ಲಿ ಹತ್ತು ಕಿಲೋಮೀಟರ್ ದಾಟಿದ್ದರು. ಹೊಗೆ ಬೀಡಿಯದಕ್ಕಿಂತ ತುಸು ಹೆಚ್ಚು, ಅಷ್ಟೆ. ಸಿದ್ದರಾಯ ರಜಾಕನನ್ನು ಅಪ್ಪಿಕೊಂಡುಬಿಟ್ಟ. ಇಬ್ಬರ ಅಂಗಿಯೂ ಕೆಟ್ಟವು.

ಈ ಸಂತೋಷವನ್ನು ಅವನು ಬಾಯಿ ಮುಚ್ಚಿಕೊಂಡು ಅನುಭವಿಸಬೇಕಿತ್ತು. ಇಂಡಿಗೆ ಬಂದವನೇ ಸಾವ್ಕಾರರ ಮುಂದೆ, ಓಣಿಯ ಮುಂದೆ, ಪಂಪಿನವನ ಮುಂದೆ ಹತ್ತು ಕಿಲೋಮೀಟರಿನ ಡಂಗುರ ಸಾರಿದ. ಸಾವ್ಕಾರರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು: ಹಾಗಾದರೆ ಇಪ್ಪತ್ತಾರು ಲೀಟರ್ ಸಾಕು, ನಾಲ್ಕು ಉಳಿಯುತ್ತದೆ. ಆ ಸೋಮವಾರ ಗಾಡಿ ಮೂವತ್ತು ಲೀಟರ್ ಹಾಕಿಸಿಕೊಂಡು ಹೋಯಿತು. ಮಂಗಳವಾರ ಮರಳುವಾಗ ಸಿಂದಗಿಯಲ್ಲಿಯೇ ಒಣಗಿ ನಿಂತಿತು. ರಜಾಕ ತನ್ನ ಡಬ್ಬಿಯಿಂದ ನಾಲ್ಕು ಲೀಟರ್ ಕೊಟ್ಟ ಮೇಲೆಯೇ ಇಂಡಿ ಕಂಡಿತು.

ಮೊದಲಾಗಿದ್ದರೆ ಹಳೆಯ ಗಾಡಿ ಎಂದು ಬೈದು ಸುಮ್ಮನಾಗಬಹುದಿತ್ತು. ಈಗ ಹಾಗಲ್ಲ. ಗಾಡಿ ಸರಿಯಾಗಿದೆ ಎಂದು ಊರಿಗೆಲ್ಲ ಹೇಳಿದವನು ಸಿದ್ದರಾಯನೇ. ಇಪ್ಪತ್ತಾರು ಸಾಕಾಗಬೇಕಿದ್ದಲ್ಲಿ ಮೂವತ್ತನಾಲ್ಕು ಮುಗಿದಿತ್ತು. ಹಾಗಾದರೆ ಹೆಚ್ಚಿನ ಎಂಟು ಲೀಟರ್ ಎಲ್ಲಿ ಹೋಯಿತು? ಡ್ರೈವರುಗಳು ಗಾಡಿಯ ಟಾಕಿಯಿಂದ, ಎಂದರೆ ಟ್ಯಾಂಕಿನಿಂದ, ಡೀಸೆಲ್ ಬಸಿದು ಮಾರುತ್ತಾರೆಂಬ ಮಾತು ಆ ದಿನಗಳಲ್ಲಿ ಎಲ್ಲ ಹೋಟೆಲಿನಲ್ಲೂ ಇತ್ತು. ಗುರುಲಿಂಗಪ್ಪ ಒಂದು ಮಾತೂ ಆಡಲಿಲ್ಲ. ಮರುದಿನ ಸಿದ್ದರಾಯ ಗಾಡಿ ಒರೆಸಲು ಹೋದರೆ ಟಾಕಿಯ ಬಾಯಿಗೆ ಕಬ್ಬಿಣದ ಪಟ್ಟಿ ಬಡಿದಿತ್ತು. ಪಟ್ಟಿಗೆ ಮುಷ್ಟಿಯಷ್ಟು ದೊಡ್ಡ ಹಿತ್ತಾಳೆಯ ಬೀಗ ಜೋತಾಡುತ್ತಿತ್ತು.

ಅವನು ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲಿಯೇ ನಿಂತ. ಹನ್ನೊಂದು ವರ್ಷ ಈ ಮನೆಯ ಅನ್ನ ಉಂಡವನಿಗೆ ಎದೆಯಲ್ಲಿ ಬೆಂಕಿ ಇಟ್ಟಂತಾಯಿತು. ಕೂಗಾಡಿದರೆ ಕೂಗಾಡಬಹುದಿತ್ತು. ಆದರೆ ಯಾರೂ ಏನೂ ಅಂದಿರಲಿಲ್ಲವಲ್ಲ. ಮನೆಗೆ ಬಂದು ಗೋಡೆಗೆ ಆತು ಕೂತವನು ಹೆಂಡತಿ ಸುಂದರವ್ವನಿಗೆ ಇಷ್ಟೇ ಹೇಳಿದ: “ಅದು ಟಾಕಿಗಿ ಹಾಕಿದ ಕೀಲಿ ಅಲ್ಲ, ನನ್ನ ಮಾರಿಗಿ ಹಾಕ್ಯಾರ. ನಾ ಈ ಗಾಡಿ ಒಲ್ಲೆ. ಕುರಿ ಹಿಂದ ಹೋಗ್ತೇನಿ.”

“ನಿಮ್ಮಪ್ಪ ಇದ್ದಾಗ ಕುರಿ ಮಾರಿದ್ರಿ” ಎಂದಳು ಸುಂದರವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. “ಯಾರ ಕುರಿ ಹಿಂದ ಹೋಗ್ತೀರಿ? ಈಗ ಗಾಡಿ ಬಿಟ್ರ ಕದ್ದಿದ್ದ ಖರೇ ಅಂತಾರ. ಅದು ಎಲ್ಲಿ ಹೋಗಾಕತ್ತೈತಿ ಅಂತ ಮೊದಲ ಹುಡುಕ್ರಿ. ಆಮ್ಯಾಲ ಬಿಡೋದಿದ್ರ ಬಿಡ್ರಿ.”

ಮುಂದಿನ ಸೋಮವಾರ ಗಾಡಿಯ ಮುಂದಿನ ಸೀಟಿನಲ್ಲಿ ಒಂದು ಗಂಟು, ಒಂದು ಕುಟ್ಟಾಣಿ ಮತ್ತು ಸಿದ್ದಲಿಂಗವ್ವ ಕೂತಿದ್ದರು. ಸಿದ್ದಲಿಂಗವ್ವ ಎಂದರೆ ಗುರುಲಿಂಗಪ್ಪನ ತಾಯಿ, ಎಪ್ಪತ್ತು ದಾಟಿದವಳು, ಹಲ್ಲೆಲ್ಲ ಹೋಗಿ ನಾಲಿಗೆ ಮಾತ್ರ ಉಳಿದವಳು. ತವರೂರು ಹೂವಿನ ಹಿಪ್ಪರಗಿಗೆ ಹೋಗಬೇಕೆಂದು ಅವಳಿಗೆ ಒಮ್ಮೆಲೇ ಮನಸ್ಸಾಗಿತ್ತಂತೆ. ಮನಸ್ಸು ಯಾರು ಮಾಡಿಸಿದ್ದು ಎಂದು ಸಿದ್ದರಾಯನಿಗೆ ತಿಳಿಯದೇ? ಟಾಕಿಯ ಕೀಲಿಕೈ ಅವಳ ಎಲೆಅಡಿಕೆಯ ಚೀಲದಲ್ಲಿತ್ತು. ಆದರೂ ಅವನು ಅವಳ ಕಾಲ ಕೆಳಗೆ ಗೋಣಿಚೀಲ ಮಡಿಸಿ ಇಟ್ಟ, ಬಾಗಿಲಿನ ಹಗ್ಗ ಬಿಗಿದ.

ಇಂಡಿ ದಾಟುವುದರೊಳಗೆ ಮೊದಲ ಕೈ ಎದ್ದಿತು. ಸಿದ್ದರಾಯ ನಿಲ್ಲಿಸಿದ. ಎಮ್ಮೆ ಈಯಿತೇ, ಮಾವನ ಮೊಣಕಾಲು ಹೇಗಿದೆ, ಸಿಂದಗಿಯಲ್ಲಿ ಬೀಜ ಬಂದಿದೆಯೇ? ನೀರು ಬೆಲ್ಲ ಬಂತು. ಮುಂದೆ ಒಂದು ಫರ್ಲಾಂಗಿಗೆ ಮತ್ತೊಂದು ಕೈ. ಅಜ್ಜಿಗೆ ಮೊದಮೊದಲು ಭಾರಿ ಖುಷಿಯಾಯಿತು, ಅವಳಿಗೂ ದಾರಿಯುದ್ದಕ್ಕೂ ಬಳಗವಿತ್ತು. ಆದರೂ ಬಂದ ಕೆಲಸ ಮರೆಯಲಿಲ್ಲ. ಗಾಡಿ ನಿಂತಾಗಲೆಲ್ಲ ಒಂದು ಅಡಿಕೆ ಹೋಳನ್ನು ಚೀಲದ ಈ ಖಾನೆಯಿಂದ ಆ ಖಾನೆಗೆ ಹಾಕುತ್ತ ಬಂದಳು. ಸಿಂದಗಿ ಬರುವಷ್ಟರಲ್ಲಿ ಹತ್ತೊಂಬತ್ತು ಹೋಳು ಆಚೆ ಹೋಗಿದ್ದವು. ನಿಂತಾಗಲೂ ಗಾಡಿ ನಡುಗುತ್ತಿದ್ದರಿಂದ ಕುಟ್ಟಾಣಿಯಲ್ಲಿ ಎಲೆ ಕುಟ್ಟಲು ಹೋಗಿ ಎರಡು ಸಲ ಬೆರಳು ಜಜ್ಜಿಕೊಂಡಿದ್ದಳು.

“ಸಿದ್ದ್ಯಾ, ಗಾಡಿ ನಿಂತೈತಿ. ಮತ್ತ ಇದ್ಯಾಕ ಗುಡುಗುಡು ಅಂತೈತಿ?” ಎಂದು ಕೊನೆಗೆ ರೇಗಿದಳು.

“ಅದು ಚಾಲೂ ಇರಬೇಕ್ರಿ ಆಯಿ. ನಿಂತಾಗ ಏನೂ ತಿನ್ನಂಗಿಲ್ಲ.”

“ಯಾರ ಹೇಳ್ಯಾರ?”

“ನಮ್ಮ ಉಸ್ತಾದ ಹೇಳ್ಯಾರ್ರಿ.”

“ನಮ್ಮ ಎತ್ತ ನಿಂತಾಗ ಮೆಲಕ ಹಾಕ್ತೈತಿ. ಹೊಟ್ಯಾಗ ಮೇವ ಇದ್ರ ತಾನ ಮೆಲಕ? ಇದು ಬಾಯಿ ಆಡಸಾಕತ್ತೈತಿ ಅಂದ್ರ ಏನೋ ತಿನ್ನಾಕತ್ತೈತಿ.”

ಸಿದ್ದರಾಯ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. ಹೆಂಡತಿ ಹೇಳಿದ ಮಾತು ನೆನಪಾಯಿತು. ನೇರವಾಗಿ ರಜಾಕನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಆ ಬಾಟಲಿಯನ್ನು ಇನ್ನೊಮ್ಮೆ ಕಟ್ಟು ಎಂದ. “ಈ ಸಲ ಓಡಸೋದ ಬ್ಯಾಡ. ನಿಂತಲ್ಲೇ ನೋಡೂಣು.”

ಬಾಟಲಿ ಕಟ್ಟಿದರು. ಗಾಡಿ ನಿಂತಲ್ಲಿಯೇ ಗುಡುಗುಡು ಅನ್ನುತ್ತಿತ್ತು. ಚಹಾ ಬಂತು. ಸಿದ್ದಲಿಂಗವ್ವನ ಚಹಾ ಎಂದರೆ ಬಟ್ಟಲಿಗೆ ಸುರಿದು, ಊದಿ, ಆರಿಸಿ, ನಡುವೆ ರಜಾಕನ ಹೆಂಡತಿ ಸಗೀರಾಳ ಯೋಗಕ್ಷೇಮ ಕೇಳಿ ಕುಡಿಯುವ ಚಹಾ. ಅದು ಮುಗಿಯುವಷ್ಟರಲ್ಲಿ ಬಾಟಲಿಯಲ್ಲಿ ಡೀಸೆಲ್ ನಾಲ್ಕು ಬೆರಳು ಇಳಿದಿತ್ತು. ರಜಾಕ ಬಾಟಲಿಯ ಮೇಲೆ ಉಗುರಿಟ್ಟು ತೋರಿಸಿದ.

ಕಳ್ಳ ಸಿಕ್ಕಿದ್ದ. ಕಳ್ಳ ತಾನೇ, ತನ್ನ ಬಾಯಿಯೇ. ನಿಂತಲ್ಲಿ ನಿಂತು, ಸುದ್ದಿಯೊಂದಿಗೆ ಎಂಟು ಲೀಟರ್ ಡೀಸೆಲ್ಲನ್ನೂ ವಾರವಾರ ಊರೂರಿಗೆ ಹಂಚಿದ್ದ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆಗಲ ಮೇಲಿನ ಮೂಟೆ ಇಳಿಸಿದಂತೆ ಹಗುರಾಯಿತು. ಮುರಿದ ಕೈಯ ಉಸ್ತಾದರ ಮೇಲೆ ಸಿಟ್ಟು ಮಾತ್ರ ಬರಲಿಲ್ಲ. ಆ ಕೈ ನೋಡಿದ್ದವರಿಗೆ ಬರುವುದೂ ಇಲ್ಲ.

“ಆತಪಾ, ಇನ್ನ ನಿಂತಲ್ಲೆಲ್ಲಾ ಬಂದ್ ಮಾಡು” ಎಂದಳು ಅಜ್ಜಿ.

“ಬಂದ್ ಮಾಡಿದ್ರ ದಬ್ಬಾವ್ರ ಯಾರ್ರಿ ಆಯಿ? ನಿಂಬಿಕಾಯಿ ಚೀಲ ಹೇರೇನಿ. ಗುಜರಿಗಿ ಹೋಗೂ ಗಾಡಿಗಿ ಸಾವ್ಕಾರ್ರು ಹೊಸಾ ಬ್ಯಾಟರಿ ತರ್ತಾರೇನು?”

ಸಿದ್ದರಾಯ ಯೋಚಿಸುತ್ತಲೇ ಗಾಡಿ ಹೊಡೆದ. ದೇವರ ಹಿಪ್ಪರಗಿ ದಾಟಿ ಡೋಣಿ ಹೊಳೆಗೆ ಇಳಿಯುವ ಏರಿನ ಮೇಲೆ ಬಂದಾಗ ಅಪ್ಪನ ಕುರಿಗಳು ಇಲ್ಲಿಯೇ ನಿಲ್ಲುತ್ತಿದ್ದದ್ದು ನೆನಪಾಯಿತು. ಕುರಿ ಎಂದಿಗೂ ತಗ್ಗಿನಲ್ಲಿ ನಿಲ್ಲುವುದಿಲ್ಲ, ಗಾಳಿ ಬರುವ ದಿನ್ನೆ ಹುಡುಕಿ ನಿಲ್ಲುತ್ತದೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅಂಥ ದಿನ್ನೆಗಳು ಎಷ್ಟಿವೆ ಎಂಬುದು ಅವನಷ್ಟು ಯಾವ ಡ್ರೈವರಿಗೂ ಗೊತ್ತಿರಲಿಲ್ಲ. ಅವನು ಆ ಏರಿನ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಸಲ ನಡುದಾರಿಯಲ್ಲಿ ಇಂಜಿನ್ ಬಂದ್ ಮಾಡಿದ. ಸದ್ದು ನಿಂತಿತು. ಎಲ್ಲೋ ಹಕ್ಕಿ ಕೂಗುವುದು ಕೇಳಿಸಿತು. ಅಜ್ಜಿ ನೆಮ್ಮದಿಯಾಗಿ ಎಲೆ ಕುಟ್ಟಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಅವನು ಕಲ್ಲು ತೆಗೆದು, ಗಾಡಿಯನ್ನು ಇಳಕಲಿಗೆ ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಕೆಮ್ಮಿ ಶುರುವಾಯಿತು.

ಹೀಗೆ ಒಂಬತ್ತು ಏರು ಗೊತ್ತು ಮಾಡಿದರು. ಇನ್ನು ಮೇಲೆ ಗಾಡಿ ನಿಲ್ಲುವುದು ಅಲ್ಲಿ ಮಾತ್ರ. ಜನರಿಗೆ ತಿಳಿಸುವ ಕೆಲಸ ಸಿದ್ದಲಿಂಗವ್ವನದು. ಕೈ ಎತ್ತಿದವರಿಗೆಲ್ಲ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ “ಏರಿನ ಮ್ಯಾಲ ಬಂದ ನಿಂದರ್ರಿ! ಕಾಲ ಅದಾವಿಲ್ಲೋ?” ಎಂದು ಗದರಿದಳು. ಸಿದ್ದರಾಯನಿಗೆ ಇದು ಸುಲಭವಾಗಿರಲಿಲ್ಲ. ಮೊದಲ ಕೈಯನ್ನು ದಾಟಿ ಹೋದಾಗ ಅಪ್ಪ ಸ್ವರ್ಗದಿಂದ ಬೈಯುತ್ತಿದ್ದಾನೆ ಎನಿಸಿತು. ಆ ಕೈ ಕನ್ನಡಿಯಲ್ಲಿ ಸಣ್ಣದಾಗುವ ತನಕ ನೋಡುತ್ತಲೇ ಇದ್ದ.

ತವರಿನಲ್ಲಿ ಒಂದು ರಾತ್ರಿ ಕಳೆದು ಮಂಗಳವಾರ ಅದೇ ಗಾಡಿಯಲ್ಲಿ ಮರಳಿ ಇಂಡಿಯಲ್ಲಿ ಇಳಿದ ಅಜ್ಜಿ ಮಗನಿಗೆ ಹೇಳಿದಳು: “ಕೀಲಿ ಟಾಕಿಗಿ ಅಲ್ಲ, ಇವನ ಬಾಯಿಗಿ ಹಾಕಬೇಕಾಗಿತ್ತು. ಇಂವ ಕಳ್ಳ ಅಲ್ಲ, ಹರಟಿಮಲ್ಲ ಅದಾನ.” ಗುರುಲಿಂಗಪ್ಪ ಅರ್ಧ ನಂಬಿದರು. ನಿಂತ ಗಾಡಿ ಅಷ್ಟು ಕುಡಿಯುತ್ತದೆಯೇ? ಮುಂದಿನ ಸೋಮವಾರ, ಅಂದರೆ ಮಿರಗಕ್ಕೆ ಮುಂಚಿನ ಕೊನೆಯ ಸೋಮವಾರ, ತಾವೇ ಬರುವುದಾಗಿ ಹೇಳಿದರು.

ಅಂದು ಸಾವ್ಕಾರರು ಪಕ್ಕದಲ್ಲಿ, ಕೀಲಿಕೈ ಅವರ ಅಂಗಿಯ ಕಿಸೆಯಲ್ಲಿ. ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಏರಿನ ಮೇಲೆ ಜನ ಕಾಯುತ್ತಿದ್ದರು. ನೀರು, ಬೆಲ್ಲ, ಚಹಾ ಎಲ್ಲವನ್ನೂ ಅಲ್ಲಿಗೇ ಹೊತ್ತು ತಂದಿದ್ದರು. ಮೂರು ಕಡೆ ಹೇಳಬೇಕಾದ ಸುದ್ದಿಯನ್ನು ಒಂದೇ ಕಡೆ ಹೇಳಿ ಮುಗಿಸಬಹುದೆಂದು ಸಿದ್ದರಾಯನಿಗೂ ಅನ್ನಿಸತೊಡಗಿತ್ತು. ಹೂವಿನ ಹಿಪ್ಪರಗಿಯಲ್ಲಿ ಸಾವ್ಕಾರರ ಸೋದರಮಾವನ ಮನೆ ರಸ್ತೆಗೆ ಹತ್ತಿಯೇ ಇತ್ತು. ಮಾವ ಕಟ್ಟೆಯ ಮೇಲಿಂದ ಎದ್ದು ಕೈ ಎತ್ತಿದರು.

“ನಿಲ್ಲಸು, ಮಾವ ಕರಿಯಾಕತ್ತಾನ” ಎಂದರು ಸಾವ್ಕಾರರು.

ಸಿದ್ದರಾಯನ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. “ಇಲ್ಲಿ ಸಪಾಟ ಐತ್ರಿ. ಏರಿನ ಮ್ಯಾಲ ನಿಲ್ಲಸ್ತೇನ್ರಿ ಸಾವ್ಕಾರ್ರ.”

“ಲೇ! ಗಾಡಿ ನಂದೈತಿ!”

“ಗಾಡಿ ನಿಮ್ದ ಐತ್ರಿ. ಹೆಸರ ನಂದ ಹೋಗೇತಿ.”

ಗಾಡಿ ಮಾವನ ಮುಂದೆಯೇ ಹಾದುಹೋಯಿತು. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಎರಡು ಫರ್ಲಾಂಗ್ ಆಚೆ, ಏರಿನ ಮೇಲೆ ಇಂಜಿನ್ ಬಂದ್ ಆಯಿತು. ಗುರುಲಿಂಗಪ್ಪ ಧೋತರದ ಚುಂಗು ಹಿಡಿದುಕೊಂಡು, ಬಿಸಿಲಿನಲ್ಲಿ ಬೈಯುತ್ತ ಹಿಂದಕ್ಕೆ ನಡೆದು ಹೋಗಿ ಮಾವನ ಮನೆಯ ಮಜ್ಜಿಗೆ ಕುಡಿದು ಬಂದರು. ಬರುವಾಗ ಬೈಗುಳ ನಿಂತಿತ್ತು. ಆ ಒಂದು ಮಾತು ಅವರಿಗೆ ನಾಟಿತ್ತು.

ಮಂಗಳವಾರ ಸಂಜೆ, ಬಿಸಿಲಿರುವಾಗಲೇ, ಗಾಡಿ ಎಲ್ಲಿಯೂ ಒಣಗದೆ ಇಂಡಿಗೆ ಬಂತು. ಸಾವ್ಕಾರರು ಟಾಕಿಯ ಕೀಲಿ ತೆಗೆದು ಅಳತೆಯ ಕೋಲು ಇಳಿಬಿಟ್ಟರು. ತುದಿ ಒದ್ದೆಯಾಗಿತ್ತು, ಎರಡು ಲೀಟರಿನಷ್ಟು ಉಳಿದಿತ್ತು. ಸಿದ್ದರಾಯ ನೆಲ ನೋಡುತ್ತಿದ್ದ. ಒಳಗಿನಿಂದ ಕುಟ್ಟಾಣಿಯ ಸದ್ದು ಕೇಳುತ್ತಿತ್ತು.

“ಗುಜರಿಯವಗ ಬರಬ್ಯಾಡ ಅಂತ ಹೇಳ್ತೇನಿ” ಎಂದರು ಸಾವ್ಕಾರರು. ಕೋಲನ್ನು ಗೋಡೆಗೆ ಆನಿಸಿ, “ನಿನ್ನ ಮ್ಯಾಲ ಸಂಶೆ ಪಟ್ಟೆ ಸಿದ್ದರಾಯ. ತಪ್ಪಾತು” ಎಂದರು. ಕೀಲಿಯನ್ನು ಪಟ್ಟಿಯಿಂದ ಬಿಡಿಸಿ ಎಸೆಯಲು ಕೈ ಎತ್ತಿದರು.

ಸಿದ್ದರಾಯನ ಕಣ್ಣು ತುಂಬಿ ಬಂದವು. ಅವನು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: “ಒಗೀಬ್ಯಾಡ್ರಿ. ದಿನಮಾನ ಛಲೋ ಇಲ್ಲ, ಕೀಲಿ ಇರ್ಲಿ ಬಿಡ್ರಿ. ಕೀಲಿಕೈ ಅಷ್ಟ ನನ್ನ ಕೈಯಾಗ ಕೊಡ್ರಿ.”

ಗುರುಲಿಂಗಪ್ಪ ಕೊಟ್ಟರು. ಸಿದ್ದರಾಯ ಅದನ್ನು ಅಲ್ಲಿಯೇ, ಅವರ ಎದುರಿಗೇ, ತನ್ನ ಉಡದಾರಕ್ಕೆ ಕಟ್ಟಿಕೊಂಡ. ಎರಡು ಗಂಟು ಹಾಕಿದ.

ಅಲ್ಲಿಂದ ಅವನ ಮನೆ ಕೂಗಳತೆಯ ದೂರ. ಸುಂದರವ್ವ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಗಾಡಿ ಬಂದ ಸದ್ದು ಕೇಳಿ ಆಗಲೇ ಚಹಾ ಇಟ್ಟಿದ್ದಳು. ಓಣಿಯ ತಿರುವಿನಲ್ಲಿ ಶೇವಂತೆವ್ವ ಎಂಬ ಮುದುಕಿ ಕೈ ಎತ್ತಿದಳು, ಮುದ್ದೇಬಿಹಾಳದಲ್ಲಿರುವ ಮಗಳ ಸುದ್ದಿ ಕೇಳುವುದಿತ್ತು. ಸಿದ್ದರಾಯ ನಿಂತ. ನಡೆದು ಹೋಗುವವನು ನಿಂತರೆ ಡೀಸೆಲ್ ಸುಡುವುದಿಲ್ಲ. ಅವನು ಕಟ್ಟೆಯ ಮೇಲೆ ಕೂತು ಮಗಳ ಸುದ್ದಿ ಹೇಳಿದ, ಮೊಮ್ಮಗನ ಸುದ್ದಿ ಹೇಳಿದ, ಆಮೇಲೆ ಅಂಗಿಯ ಚುಂಗು ಎತ್ತಿ ಕೀಲಿಕೈ ತೋರಿಸಿದ. ಮನೆಗೆ ಬರುವಷ್ಟರಲ್ಲಿ ಸುಂದರವ್ವ ಚಹಾವನ್ನು ಮೂರನೆಯ ಸಲ ಬಿಸಿ ಮಾಡುತ್ತಿದ್ದಳು.